ಆಕಾರದಿಂದ ಆಳು, ಬಣ್ಣದಿಂದ ಪಾಳೆಯ: ಗೇಮ್‌ನ ಯೂನಿಟ್‌ಗಳನ್ನು ದೂರದಿಂದಲೇ ಗುರುತಾಗುವಂತೆ ರೂಪಿಸುವ ಬಗೆ

ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಗೂ ಪೋರ್ಚುಗೀಸರಿಗೂ ನಡುವೆ ಕಾಳುಮೆಣಸಿನ ವ್ಯಾಪಾರಕ್ಕಾಗಿ ನಡೆದ ಪೈಪೋಟಿಯನ್ನು ಎಳೆಯಾಗಿಟ್ಟುಕೊಂಡು ಶಿರಸಿಯ ಮನೆಯಲ್ಲಿ ಕೂತು ನಾನೊಂದು ಸಣ್ಣ ಸ್ಟ್ರಾಟಜಿ ಗೇಮ್ ಕಟ್ಟುತ್ತಿದ್ದೇನೆ. ಶರಾವತಿಯ ಅಳಿವೆ ಪ್ರದೇಶ, ಅದರ ದಂಡೆಯ ಅಡಿಕೆ ತೋಟ, ಚಿರೆಕಲ್ಲಿನ ಗುಡ್ಡ, ಅವುಗಳ ನಡುವೆ ಎರಡು ಪಾಳೆಯಗಳ ಬಿಲ್ಲಾಳು, ಈಟಿಯಾಳು, ದೋಣಿಗಳು ಓಡಾಡುತ್ತವೆ. ಮೊದಲ ಆವೃತ್ತಿಯಲ್ಲಿ ನಮ್ಮ ಕಡೆಯವರಿಗೆ ಹಸಿರು, ಎದುರಾಳಿಗಳಿಗೆ ಕೆಂಪು ಬಣ್ಣ ಕೊಟ್ಟು, ಚಿತ್ರಗಳನ್ನು ಬಹಳ ಶ್ರದ್ಧೆಯಿಂದ, ಪಂಚೆಯ ನೆರಿಗೆಯೂ ಕಾಣುವಂತೆ ಬರೆದಿದ್ದೆ. ರಜೆಗೆ ಬಂದಿದ್ದ ಅಕ್ಕನ ಮಗನ ಕೈಗೆ ಫೋನ್ ಕೊಟ್ಟೆ. ಎರಡು ನಿಮಿಷ ಆಡಿದವನು ತಲೆಯೆತ್ತಿ, "ಮಾವಾ, ಯಂದು ಯಾವ್ದು, ನಿಂದು ಯಾವ್ದು ಹೇಳೇ ಗೊತ್ತಾಗ್ತಿಲ್ಲೆ" ಎಂದ. ಹಸಿರು ಆಳುಗಳು ತೋಟದ ಹಸಿರಿನಲ್ಲಿ ಕರಗಿದ್ದವು, ಕೆಂಪು ಆಳುಗಳು ಚಿರೆಕಲ್ಲಿನ ಮಣ್ಣಿನಲ್ಲಿ ಹುದುಗಿದ್ದವು. ನೆರಿಗೆಯಂತೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆ ತಪ್ಪನ್ನು ತಿದ್ದುತ್ತಾ ಕಲಿತದ್ದನ್ನು ಇಲ್ಲಿ ಹಂತಹಂತವಾಗಿ ಬರೆಯುತ್ತಿದ್ದೇನೆ. ಎರಡು ಆಯಾಮದ ಸ್ಪ್ರೈಟ್‌ಗಳನ್ನು, ಅಂದರೆ ಪರದೆಯ ಮೇಲೆ ಓಡಾಡುವ ಚಪ್ಪಟೆ ಚಿತ್ರಗಳನ್ನು, ಉದಾಹರಣೆಯಾಗಿ ಬಳಸಿದ್ದರೂ, ಮೂರು ಆಯಾಮದ ಮಾದರಿಗಳನ್ನು ಮಾಡುವವರಿಗೂ ಇದರ ಬಹುಪಾಲು ಹಾಗೆಯೇ ಅನ್ವಯಿಸುತ್ತದೆ.

ಮೊದಲು: ಯಾವ ಪ್ರಶ್ನೆಗೆ ಯಾವುದು ಉತ್ತರ

ಆಟಗಾರನು ಪರದೆಯ ಮೇಲಿನ ಒಂದು ಯೂನಿಟ್, ಅಂದರೆ ಆಟದ ಒಬ್ಬ ಆಳು ಅಥವಾ ಒಂದು ದೋಣಿ, ಕಂಡಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾನೆ: ಇದು ಯಾರ ಕಡೆಯದು, ಇದು ಏನು, ಇದು ಈಗ ಏನು ಮಾಡುತ್ತಿದೆ. ಒಂದೊಂದು ಪ್ರಶ್ನೆಗೂ ಒಂದೊಂದು ಬೇರೆ ಸಾಧನದಿಂದ ಉತ್ತರ ಕೊಡಬೇಕು. ಯಾರ ಕಡೆ ಎಂಬುದನ್ನು ಬಣ್ಣ ಹೇಳಲಿ, ಏನು ಎಂಬುದನ್ನು ನೆರಳಾಕೃತಿ, ಅಂದರೆ ಕಲಾವಿದರು ಸಿಲೂಎಟ್ ಎನ್ನುವ ಹೊರಗೆರೆಯ ಆಕಾರ ಹೇಳಲಿ, ಏನು ಮಾಡುತ್ತಿದೆ ಎಂಬುದನ್ನು ಭಂಗಿ ಹೇಳಲಿ. ವಾಲ್ವ್ ಕಂಪನಿಯ ಕಲಾವಿದರು ಮತ್ತು ಪ್ರೋಗ್ರಾಮರ್‌ಗಳು 2007ರಲ್ಲಿ ಟೀಮ್ ಫೋರ್ಟ್ರೆಸ್ 2 ಆಟದ ಚಿತ್ರಣದ ಬಗ್ಗೆ ಪ್ರಕಟಿಸಿದ ಪ್ರಬಂಧದಲ್ಲಿ ಇದೇ ಬಗೆಯ ಶ್ರೇಣಿಯನ್ನು ವಿವರಿಸಿದ್ದಾರೆ: ತಂಡ ಬಣ್ಣದಿಂದ, ಒಂಬತ್ತು ವರ್ಗಗಳಲ್ಲಿ ಯಾವುದೆಂಬುದು ಆಕಾರದಿಂದ, ಕೈಯಲ್ಲಿರುವ ಆಯುಧ ಎದೆಯ ಮಟ್ಟದಲ್ಲಿನ ಕಾಂಟ್ರಾಸ್ಟ್‌ನಿಂದ ತಿಳಿಯಬೇಕು ಎಂಬುದು ಅವರ ಕ್ರಮ. ಚದುರಂಗದ ಕಾಯಿಗಳು ಇದಕ್ಕಿಂತ ಬಹಳ ಹಿಂದೆಯೇ ಇದನ್ನು ಸಾಧಿಸಿವೆ. 1849ರಲ್ಲಿ ಬಂದ ಸ್ಟಾಂಟನ್ ಮಾದರಿಯ ಕಾಯಿಗಳಲ್ಲಿ ಕುದುರೆಯನ್ನು ಆನೆಯೆಂದು ಯಾರೂ ತಪ್ಪಾಗಿ ಎತ್ತುವುದಿಲ್ಲ, ಕಪ್ಪನ್ನು ಬಿಳಿಯೆಂದೂ ಎತ್ತುವುದಿಲ್ಲ, ಏಕೆಂದರೆ ಎರಡು ಗುರುತುಗಳೂ ಒಂದಕ್ಕೊಂದು ಅಡ್ಡ ಬರುವುದಿಲ್ಲ.

ಬಿಲ್ಲಾಳಿಗೆ ನೀಲಿ, ಈಟಿಯಾಳಿಗೆ ಹಳದಿ ಎಂದು ಬಣ್ಣವನ್ನೇ ಆಳಿನ ಬಗೆಯ ಗುರುತಾಗಿ ಕೊಡುವ ಆಸೆ ಹೊಸಬರಿಗೆಲ್ಲ ಬರುತ್ತದೆ. ಎರಡು ಪಾಳೆಯಗಳಿರುವ ಆಟದಲ್ಲಿ ಇದು ಕೆಡುತ್ತದೆ, ಬಣ್ಣಕ್ಕೆ ಎರಡು ಕೆಲಸ ಬಿದ್ದು ಎರಡೂ ಅರ್ಧಂಬರ್ಧವಾಗುತ್ತವೆ. 1980ರ ಪ್ಯಾಕ್‌ಮ್ಯಾನ್‌ನಲ್ಲಿ ನಾಲ್ಕು ಭೂತಗಳಿಗೂ ಒಂದೇ ಆಕಾರವಿದ್ದು, ಬಣ್ಣದಿಂದಲೇ ಅವುಗಳ ಸ್ವಭಾವ ತಿಳಿಯುತ್ತದಲ್ಲ ಎಂದು ಕೇಳಬಹುದು. ಅಲ್ಲಿ ಇರುವುದು ನಾಲ್ಕೇ ಭೂತ, ಹಿನ್ನೆಲೆ ಅಚ್ಚ ಕಪ್ಪು, ಎಲ್ಲರೂ ವೈರಿಗಳೇ, ಹಾಗಾಗಿ ಯಾರ ಕಡೆಯದೆಂದು ಹೇಳುವ ಕೆಲಸ ಬಣ್ಣಕ್ಕಿಲ್ಲ.

ಹಂತ 1: ಪಟ್ಟಿ ಮತ್ತು ಅಳತೆ

ಚಿತ್ರ ಬರೆಯಲು ಕೂರುವ ಮುನ್ನ ಎಲ್ಲ ಯೂನಿಟ್‌ಗಳ ಹೆಸರನ್ನೂ ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ ಅದರ ಕೆಲಸವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ನನ್ನದರಲ್ಲಿ ಬಿಲ್ಲಾಳು, ಈಟಿಯಾಳು, ಗುರಾಣಿಯಾಳು, ಮೆಣಸಿನ ಚೀಲ ಹೊರುವ ಹೊರೆಯಾಳು, ಪಾತಿ ದೋಣಿ, ಹಾಯಿ ಕಟ್ಟಿದ ಮಚ್ವೆ ಎಂದು ಆರು ಇದ್ದವು.

ಆಮೇಲೆ ಪರದೆಯ ಮೇಲೆ ಯೂನಿಟ್ ನಿಜವಾಗಿ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಅಳೆಯಿರಿ. ಇಂಚಿಗೆ 400 ಪಿಕ್ಸೆಲ್ ಇರುವ ಫೋನಿನಲ್ಲಿ 48 ಪಿಕ್ಸೆಲ್ ಎತ್ತರದ ಸ್ಪ್ರೈಟ್ ಸುಮಾರು 3 ಮಿಲಿಮೀಟರ್ ಆಗುತ್ತದೆ. ಅಂದರೆ ನನ್ನ ಇಡೀ ಹೊರೆಯಾಳು ಅವನು ಹೊತ್ತ ಚೀಲದೊಳಗಿನ ಒಂದು ಮೆಣಸಿನ ಕಾಳಿಗಿಂತ ಚಿಕ್ಕವನು. ಕಂಪ್ಯೂಟರಿನಲ್ಲಿ ಎಂಟು ಪಟ್ಟು ಹಿಗ್ಗಿಸಿಕೊಂಡು ಬರೆಯುವಾಗ ಇದು ಮರೆತುಹೋಗುತ್ತದೆ, ಆದ್ದರಿಂದ ಬರೆಯುವ ಕಿಟಕಿಯ ಪಕ್ಕದಲ್ಲಿ ನಿಜವಾದ ಅಳತೆಯ ಇನ್ನೊಂದು ಕಿಟಕಿಯನ್ನು ಯಾವಾಗಲೂ ತೆರೆದಿಡಿ. ಚಿತ್ರ ಬರೆಯುವ ತಂತ್ರಾಂಶಗಳಾದ ಕೃತಾದಲ್ಲಿಯೂ ಗಿಂಪ್‌ನಲ್ಲಿಯೂ ಒಂದೇ ಚಿತ್ರವನ್ನು ಎರಡು ಕಿಟಕಿಗಳಲ್ಲಿ ತೋರಿಸುವ ಸೌಲಭ್ಯವಿದೆ.

ಹಂತ 2: ಕಪ್ಪು ಮಸಿಯಲ್ಲಿ ಆಕಾರ

ಈ ಹಂತಕ್ಕೆ ಅತಿ ಹೆಚ್ಚು ಸಮಯ ಕೊಡಬೇಕು. ಒಂದೇ ಬಣ್ಣ, ಕಪ್ಪು. ಒಳಗಿನ ಗೆರೆ, ಕಣ್ಣು, ಮೂಗು, ಬಟ್ಟೆ ಯಾವುದೂ ಬೇಡ. ಕಪ್ಪು ಬೊಟ್ಟಿನಂಥ ಆಕಾರ ನೋಡಿದೊಡನೆ ಆಳು ಯಾರೆಂದು ತಿಳಿಯದಿದ್ದರೆ ಮುಂದೆ ಎಷ್ಟು ಬಣ್ಣ ಹಚ್ಚಿದರೂ ಅದು ತಿಳಿಯುವುದಿಲ್ಲ.

ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ಯಕ್ಷಗಾನದ ಬಯಲಾಟ ಹುಟ್ಟಿ ಬೆಳೆದದ್ದು ದೀವಟಿಗೆಯ ಬೆಳಕಿನಲ್ಲಿ, ಅಲ್ಲಿ ಗದ್ದೆಯ ಕೊನೆಯಲ್ಲಿ ಚಾಪೆ ಹಾಸಿ ಕುಳಿತವರಿಗೆ ಮುಖವರ್ಣಿಕೆಯ ಸೂಕ್ಷ್ಮ ಕಾಣುವಂತಿರಲಿಲ್ಲ. ಆದರೂ ಕಿರೀಟ ಕಂಡರೆ ರಾಜ, ಕೇದಗೆ ಮುಂದಲೆ ಕಂಡರೆ ಎಳೆಯ ವೀರ, ಭುಜಕ್ಕಿಂತ ಅಗಲವಾದ ತಲೆಯೊಡನೆ ಬಣ್ಣದ ವೇಷ ಬಂದರೆ ರಾಕ್ಷಸ ಎಂದು ಹಿಂದಿನ ಸಾಲಿನವರೂ ಹೇಳಬಲ್ಲವರಾಗಿದ್ದರು. ಗುರುತೆಲ್ಲ ತಲೆ ಮತ್ತು ಭುಜದಲ್ಲಿ ಇಟ್ಟದ್ದೇ ಇದರ ಗುಟ್ಟು. ಶಿರಸಿಯ ಹೋಳಿಯ ಬೇಡರ ವೇಷದಲ್ಲಿಯೂ ಬೆನ್ನಿಗೆ ಕಟ್ಟಿದ ನವಿಲುಗರಿಗಳು ಬೀಸಣಿಗೆಯಂತೆ ಜನರ ತಲೆಗಳ ಮೇಲೆ ಎದ್ದು ನಿಲ್ಲುತ್ತವೆ, ಹಾಗಾಗಿ ಎಷ್ಟೇ ಜನಜಂಗುಳಿಯಿದ್ದರೂ ವೇಷ ಎಲ್ಲಿದೆಯೆಂದು ರಸ್ತೆಯ ಆಚೆ ಬದಿಯವರಿಗೂ ಗೊತ್ತಾಗುತ್ತದೆ.

ಸ್ಟ್ರಾಟಜಿ ಗೇಮ್‌ನ ಕ್ಯಾಮೆರಾ ಕೂಡ ಮೇಲಿನಿಂದ ಓರೆಯಾಗಿ ನೋಡುತ್ತದೆ. ಕಾಲುಗಳು ಚಿಕ್ಕದಾಗಿ, ತಲೆ ಮತ್ತು ಭುಜ ದೊಡ್ಡದಾಗಿ ಕಾಣುತ್ತವೆ, ಹತ್ತು ಆಳುಗಳು ಗುಂಪಾಗಿ ನಿಂತಾಗ ಮುಂದಿನವನು ಹಿಂದಿನವನ ಕೆಳಭಾಗವನ್ನು ಪೂರ್ತಿ ಮುಚ್ಚುತ್ತಾನೆ. ಆದ್ದರಿಂದ ಆಳಿನ ಗುರುತು ಮೇಲಿನ ಮೂರನೇ ಒಂದು ಭಾಗದಲ್ಲಿಯೇ ಇರಬೇಕೆಂದು ನಾನು ನಿಯಮ ಮಾಡಿಕೊಂಡೆ.

ಹೊರೆಯಾಳಿಗೆ ಇದು ಸಹಜವಾಗಿಯೇ ಒದಗಿತು, ತಲೆಯ ಮೇಲಿನ ಚೀಲವನ್ನು ದೇಹದಷ್ಟೇ ಅಗಲ ಮಾಡಿದೊಡನೆ ಅವನು ಅಣಬೆಯಂತೆ ಕಂಡ. ಗುರಾಣಿಯಾಳು ಗಿಡ್ಡ ಮತ್ತು ಅಗಲ. ಈಟಿಯಾಳು ಮೇಲಕ್ಕೆ ಚಾಚಿದ ಒಂದು ಗೆರೆ, ಆದರೆ ಆ ಗೆರೆಯನ್ನು ಒಂದೇ ಪಿಕ್ಸೆಲ್ ದಪ್ಪ ಬರೆದಿದ್ದರಿಂದ ಕ್ಯಾಮೆರಾ ಸ್ವಲ್ಪ ಹಿಂದೆ ಸರಿದ ಕೂಡಲೇ ಈಟಿ ಮಾಯವಾಗಿ ಬರಿಗೈಯ ಮನುಷ್ಯ ಉಳಿಯುತ್ತಿದ್ದ. ಅದನ್ನು ಮೂರು ಪಿಕ್ಸೆಲ್ ದಪ್ಪ ಮಾಡಿ, ಅಲಗನ್ನು ತಲೆಯಷ್ಟೇ ದೊಡ್ಡದು ಮಾಡಬೇಕಾಯಿತು. ನಿಜವಾದ ಈಟಿ ಹಾಗಿರುವುದಿಲ್ಲ ಎಂದು ಯಾರೂ ಇದುವರೆಗೆ ದೂರಿಲ್ಲ.

ಬಿಲ್ಲಾಳು ಎಲ್ಲರಿಗಿಂತ ಹೆಚ್ಚು ಕಾಡಿದ. ಪಕ್ಕದಿಂದ ನೋಡಿದಾಗ ಬಿಲ್ಲಿನ ಕಮಾನು ಚೆನ್ನಾಗಿ ಕಾಣುತ್ತಿತ್ತು, ಆದರೆ ಅವನು ಕ್ಯಾಮೆರಾದ ಕಡೆಗೆ ತಿರುಗಿದಾಗ ಬಿಲ್ಲು ಒಂದು ನೆಟ್ಟನೆಯ ಕಡ್ಡಿಯಾಗಿ, ಈಟಿಯಾಳಿನ ತದ್ರೂಪವಾಗಿಬಿಡುತ್ತಿತ್ತು. ಎಂಟು ದಿಕ್ಕಿಗೆ ತಿರುಗುವ ಯೂನಿಟ್‌ಗೆ ಎಂಟು ನೆರಳಾಕೃತಿಗಳಿರುತ್ತವೆ, ಆದ್ದರಿಂದ ಎಂಟನ್ನೂ ಕಪ್ಪು ಬಳಿದು ನೋಡಬೇಕು ಎಂಬ ಸರಳ ಸಂಗತಿ ನನಗೆ ಆಗ ಹೊಳೆಯಿತು. ಕೊನೆಗೆ ಮುಂದಿನಿಂದ ನೋಡುವ ಮೂರು ದಿಕ್ಕುಗಳಲ್ಲಿ ಬಿಲ್ಲನ್ನು ಓರೆಯಾಗಿ ಹಿಡಿಸಿ, ಬೆನ್ನಿನ ಬತ್ತಳಿಕೆಯಿಂದ ಬಾಣಗಳ ಗರಿಗಳು ಭುಜದ ಮೇಲೆ ಕುಚ್ಚಿನಂತೆ ಹೊರಚಾಚುವಂತೆ ಮಾಡಿದೆ. ಇನ್ನೊಂದು ತೊಡಕೆಂದರೆ ಬಿಲ್ಲಿಗೂ ಮೈಗೂ ನಡುವಿನ ಖಾಲಿ ಜಾಗ. ಚಿತ್ರ ಚಿಕ್ಕದಾದಂತೆ ಆ ಸಂದು ಮುಚ್ಚಿಕೊಂಡು ಬಿಲ್ಲಾಳು ಹೊಟ್ಟೆ ಬಂದವನಂತೆ ಕಾಣುತ್ತಿದ್ದ. ಸಂದು ಕನಿಷ್ಠ ನಾಲ್ಕು ಪಿಕ್ಸೆಲ್ ಇರಲಿ, ಏಕೆಂದರೆ ಖಾಲಿ ಜಾಗವೂ ಆಕಾರದ ಒಂದು ಭಾಗವೇ.

ದೋಣಿಗಳ ಕೆಲಸ ಬೇಗ ಮುಗಿಯಿತು: ಪಾತಿ ಉದ್ದ ಮತ್ತು ತೆಳು, ಮಚ್ವೆಗೆ ಹಾಯಿಯ ದೊಡ್ಡ ತ್ರಿಕೋನ.

ಎಲ್ಲ ಆಕಾರಗಳೂ ಸಿದ್ಧವಾದ ಮೇಲೆ ಅವುಗಳನ್ನು ಒಂದೇ ಹಾಳೆಯಲ್ಲಿ ಕಲಸಿ ಹಾಕಿ, ನಿಜವಾದ ಅಳತೆಯಲ್ಲಿ, ಗೇಮ್ ಬಗ್ಗೆ ಏನೂ ಗೊತ್ತಿಲ್ಲದವರಿಗೆ ತೋರಿಸಿ. ಒಂದು ಸೆಕೆಂಡ್ ತೋರಿಸಿ ಮುಚ್ಚಿ, "ಬಿಲ್ಲಿನವರು ಎಷ್ಟು ಜನ ಇದ್ದರು?" ಎಂದು ಕೇಳಿ. ಆಯಿ ಅಡುಗೆಮನೆಯಿಂದ ಬರುವ ದಾರಿಯಲ್ಲಿ ನಿಂತು ಉತ್ತರ ಹೇಳಿದಾಗ ಈ ಹಂತ ಮುಗಿಯಿತೆಂದು ನಾನು ಒಪ್ಪಿಕೊಂಡೆ.

ಹಂತ 3: ಹಿನ್ನೆಲೆಯನ್ನು ಹದಕ್ಕೆ ತರುವುದು

ಯೂನಿಟ್‌ಗೆ ಬಣ್ಣ ಹಚ್ಚುವ ಮುನ್ನ ನೆಲಕ್ಕೆ ಬಣ್ಣ ಹಚ್ಚಬೇಕು, ಆಮೇಲೆ ಇಡೀ ಪರದೆಯ ಚಿತ್ರ ತೆಗೆದು ಅದನ್ನು ಬೂದುಬಣ್ಣಕ್ಕೆ ತಿರುಗಿಸಿ ನೋಡಬೇಕು. ಕಣ್ಣು ಆಕಾರವನ್ನು ಹಿಡಿಯುವುದು ಮುಖ್ಯವಾಗಿ ಬೆಳಕು ಮತ್ತು ಕತ್ತಲಿನ ವ್ಯತ್ಯಾಸದಿಂದ, ಬಣ್ಣದ ಹೆಸರಿನಿಂದಲ್ಲ. ಒಂದು ಬಣ್ಣ ಎಷ್ಟು ಬೆಳಕಾಗಿ ಕಾಣುತ್ತದೆ ಎಂದು ಲೆಕ್ಕ ಹಾಕುವಾಗ ಕೆಂಪಿಗೆ 0.2126, ಹಸಿರಿಗೆ 0.7152, ನೀಲಿಗೆ 0.0722 ತೂಕ ಕೊಟ್ಟು ಗುಣಿಸಿ ಮೂರನ್ನೂ ಕೂಡಿಸುತ್ತಾರೆ, ಪರದೆಯ ಗಾಮಾ ತಿದ್ದುಪಡಿಯನ್ನು, ಅಂದರೆ ಬಣ್ಣದ ಸಂಖ್ಯೆಗೂ ನಿಜವಾದ ಬೆಳಕಿಗೂ ನಡುವಿನ ಬಾಗಿದ ಸಂಬಂಧವನ್ನು, ತೆಗೆದು 0ರಿಂದ 1ರೊಳಗೆ ತಂದ ಮೌಲ್ಯಗಳಿಗೆ ಇದು ಅನ್ವಯಿಸುತ್ತದೆ. ಎರಡು ಬಣ್ಣಗಳ ಈ ಮೊತ್ತಗಳಿಗೆ ತಲಾ 0.05 ಕೂಡಿಸಿ, ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ ಕಾಂಟ್ರಾಸ್ಟ್ ಅನುಪಾತ ದೊರೆಯುತ್ತದೆ. ವೆಬ್ ಪುಟಗಳ ಸುಗಮ ಬಳಕೆಗಾಗಿ ಇರುವ ಮಾರ್ಗಸೂಚಿಯ 2018ರ 2.1 ಆವೃತ್ತಿಯು ಅರ್ಥವುಳ್ಳ ಚಿತ್ರಭಾಗಗಳಿಗೆ ಕನಿಷ್ಠ 3:1 ಅನುಪಾತವನ್ನು ಕೇಳುತ್ತದೆ. ಅದು ಗೇಮ್‌ಗಳಿಗಾಗಿ ಬರೆದ ನಿಯಮವಲ್ಲದಿದ್ದರೂ ಅಳತೆಗೋಲಾಗಿ ಚೆನ್ನಾಗಿ ಒದಗುತ್ತದೆ.

ಕೆಂಪು, ಹಸಿರು, ನೀಲಿಯ ಪ್ರಮಾಣವನ್ನು ಇದೇ ಕ್ರಮದಲ್ಲಿ 0ರಿಂದ 255ರೊಳಗೆ ಬರೆದರೆ, ನನ್ನ ಹಳೆಯ ತೋಟದ ಹಸಿರು 60, 140, 60. ಚಿರೆಕಲ್ಲಿನ ಕೆಂಪು 170, 75, 45. ಮೊತ್ತ ಕ್ರಮವಾಗಿ ಸುಮಾರು 0.20 ಮತ್ತು 0.14, ಅನುಪಾತ ಬರೀ 1.3. ಎರಡು ಪಾಳೆಯಗಳಿಗೂ ಹೆಚ್ಚುಕಡಿಮೆ ಇವೇ ಬಣ್ಣಗಳನ್ನು ಕೊಟ್ಟಿದ್ದೆನಾದ್ದರಿಂದ, ಬೂದುಬಣ್ಣದಲ್ಲಿ ನೋಡಿದಾಗ ನೆಲ, ನಮ್ಮವರು, ಎದುರಾಳಿಗಳು ಎಲ್ಲರೂ ಒಂದೇ ಬೂದಿಯಲ್ಲಿ ಹೊರಳಿದವರಂತೆ ಕಂಡರು.

ಪರಿಹಾರವಾಗಿ ನೆಲದ ಎಲ್ಲ ಬಣ್ಣಗಳನ್ನೂ ಮಧ್ಯದ ಒಂದು ಕಿರಿದಾದ ಪಟ್ಟಿಯೊಳಗೆ ತಂದು, ಅವುಗಳ ಕಡುಪನ್ನು ಇಳಿಸಿದೆ. ನಮ್ಮೂರಿನ ಮಳೆಗಾಲದ ಹಸಿರನ್ನು ಇದ್ದಂತೆಯೇ ತೋರಿಸುವ ಆಸೆಯನ್ನು ಬಿಡುವುದು ಕಷ್ಟವಾಯಿತು. ಮೋಡ ಮುಸುಕಿದ ದಿನದ ತೋಟ ಎಂದು ಸಮಾಧಾನ ಹೇಳಿಕೊಂಡೆ. ನೆಲದ ಮೇಲಿನ ವಿವರಗಳನ್ನೂ ಕಡಿಮೆ ಮಾಡಬೇಕು, ಏಕೆಂದರೆ ಪ್ರತಿ ಹುಲ್ಲಿನ ಎಸಳಿಗೂ ಕಪ್ಪು ಗೆರೆ ಎಳೆದರೆ ಯೂನಿಟ್‌ನ ಹೊರಗೆರೆ ಅದರಲ್ಲಿ ಕಳೆದುಹೋಗುತ್ತದೆ. ಯೂನಿಟ್‌ಗಳಾದರೋ ಆ ಪಟ್ಟಿಯ ಹೊರಗಿರಲಿ: ತಲೆ ಮತ್ತು ಭುಜ ನೆಲಕ್ಕಿಂತ ಬೆಳಕಾಗಿ, ಕಾಲುಗಳು ನೆಲಕ್ಕಿಂತ ಕತ್ತಲಾಗಿ. ಡೋಟಾ 2 ಆಟದ ಕಲಾವಿದರಿಗಾಗಿ ವಾಲ್ವ್ ಪ್ರಕಟಿಸಿದ ಕೈಪಿಡಿಯೂ ಹೀಗೆ ಕೆಳಗಿನಿಂದ ಮೇಲಕ್ಕೆ ಬೆಳಕು ಹೆಚ್ಚುವ ಕ್ರಮವನ್ನೇ ಹೇಳುತ್ತದೆ, ಕಣ್ಣು ಆಗ ತಾನಾಗಿಯೇ ಮೇಲ್ಭಾಗಕ್ಕೆ ಹೋಗುತ್ತದೆ.

ಹಂತ 4: ಪಾಳೆಯದ ಬಣ್ಣ

ಕೆಂಪು ಮತ್ತು ಹಸಿರಿನ ಜೋಡಿಯನ್ನು ಬಿಡಲು ಹಿನ್ನೆಲೆಯೊಂದೇ ಕಾರಣವಲ್ಲ. ಉತ್ತರ ಯುರೋಪಿನ ಮೂಲದ ಗಂಡಸರಲ್ಲಿ ಸುಮಾರು 8%, ಹೆಂಗಸರಲ್ಲಿ ಸುಮಾರು 0.5% ಜನರಿಗೆ ಕೆಂಪು ಮತ್ತು ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಈ ಪ್ರಮಾಣ ಬೇರೆ ಬೇರೆ ಜನಸಮುದಾಯಗಳಲ್ಲಿ ಬೇರೆ ಬೇರೆಯಾಗಿದೆ. ಸಂಬಂಧಪಟ್ಟ ಜೀನ್‌ಗಳು ಎಕ್ಸ್ ಕ್ರೋಮೋಸೋಮಿನಲ್ಲಿರುವುದರಿಂದ ಗಂಡಸರಲ್ಲಿ ಇದು ಹೆಚ್ಚು.

ಜಪಾನಿನ ಮಸತಾಕಾ ಒಕಾಬೆ ಮತ್ತು ಕೇ ಇತೋ ಎಂಬ ವಿಜ್ಞಾನಿಗಳು ಇಂಥವರಿಗೂ ಬೇರೆಬೇರೆಯಾಗಿ ಕಾಣುವ ಎಂಟು ಬಣ್ಣಗಳ ಗುಂಪೊಂದನ್ನು ಸಿದ್ಧಪಡಿಸಿದ್ದಾರೆ. ಅದರಲ್ಲಿ ಕಪ್ಪಿನ ಜೊತೆಗೆ ಕಿತ್ತಳೆ 230, 159, 0. ಆಕಾಶನೀಲಿ 86, 180, 233. ನೀಲಿಛಾಯೆಯ ಹಸಿರು 0, 158, 115. ಹಳದಿ 240, 228, 66. ನೀಲಿ 0, 114, 178. ಸಿಂಧೂರ 213, 94, 0. ಕೆನ್ನೇರಳೆ 204, 121, 167 ಇವೆ. ಆದರೆ ಈ ಗುಂಪಿನಿಂದ ಕಣ್ಣುಮುಚ್ಚಿ ಯಾವುದಾದರೂ ಎರಡನ್ನು ಎತ್ತಿಕೊಳ್ಳಬಾರದು. ಮೇಲಿನ ಲೆಕ್ಕವನ್ನೇ ಹಾಕಿದರೆ ಸಿಂಧೂರ ಮತ್ತು ನೀಲಿಯ ನಡುವಿನ ಅನುಪಾತ ಸುಮಾರು 1.3, ನಾನು ಬಿಟ್ಟುಬಂದ ಹಳೆಯ ಜೋಡಿಯಷ್ಟೇ. ಕಿತ್ತಳೆ ಮತ್ತು ಆಕಾಶನೀಲಿಯಂತೂ ಬೂದುಬಣ್ಣದಲ್ಲಿ ಒಂದೇ ಆಗಿಬಿಡುತ್ತವೆ. ಕಿತ್ತಳೆ ಮತ್ತು ನೀಲಿಗೆ 2.3, ಹಳದಿ ಮತ್ತು ನೀಲಿಗೆ 3.9 ಬರುತ್ತದೆ. ನಾನು ರಾಣಿಯ ಪಾಳೆಯಕ್ಕೆ ಹಳದಿಯನ್ನೂ ಎದುರಾಳಿಗೆ ನೀಲಿಯನ್ನೂ ಆರಿಸಿಕೊಂಡೆ, ಬಿಸಿಲಿನಲ್ಲಿ ಬಣ್ಣ ಮಾಸಿ ಕಂಡರೂ ಒಂದು ಪಾಳೆಯ ಬೆಳಕಾಗಿ, ಇನ್ನೊಂದು ಕತ್ತಲಾಗಿ ಉಳಿಯುತ್ತದೆ.

ಬಣ್ಣ ಎಷ್ಟಿರಬೇಕು, ಎಲ್ಲಿರಬೇಕು ಎಂಬುದೂ ಅಷ್ಟೇ ಮುಖ್ಯ. ಮೈಯ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ, ಅದೂ ಒಂದೇ ಕಡೆ ಒಟ್ಟಾಗಿ, ಮುಂಡಾಸು ಮತ್ತು ಭುಜದ ಮೇಲೆ ಇರಲಿ. ಅಷ್ಟೇ ಬಣ್ಣವನ್ನು ಪಟ್ಟಿ, ಅಂಚು, ಗುಂಡಿಗಳಾಗಿ ಚದುರಿಸಿದರೆ 3 ಮಿಲಿಮೀಟರಿನಲ್ಲಿ ಅದು ಉಳಿದ ಬಣ್ಣಗಳೊಡನೆ ಕಲಸಿ ಕೆಸರಾಗುತ್ತದೆ. ಇಡೀ ಮೈಗೆ ಬಳಿದರೆ ಒಳಗಿನ ಆಕಾರ ಸತ್ತುಹೋಗುತ್ತದೆ. ಪಾಳೆಯದ ಬಣ್ಣವನ್ನು ನೆಲ, ಗಿಡ, ಪರದೆಯ ಮೇಲಿನ ಒತ್ತುಗುಂಡಿ, ಬೆಂಕಿಯ ಕಿಡಿ ಎಲ್ಲಿಯೂ ಮತ್ತೆ ಬಳಸಬೇಡಿ. ನಾನು ಹಳದಿಯನ್ನು ರಾಣಿಗೆ ಕೊಟ್ಟ ಮೇಲೆ ಗೇಂದಾ ಹೂವಿನ ಗಿಡಗಳನ್ನೆಲ್ಲ ಕಿತ್ತುಹಾಕಬೇಕಾಯಿತು.

ಇಷ್ಟಾದರೂ ಬಣ್ಣವನ್ನು ಒಂಟಿಯಾಗಿ ನಂಬಬಾರದು. ಕಾರವಾರದಂಥ ಬಂದರಿಗೆ ಹಡಗು ಒಳಬರುವಾಗ ದಾರಿ ತೋರಿಸುವ ತೇಲುಬುರುಡೆಗಳನ್ನು ನೋಡಿ. ಭಾರತ ಅನುಸರಿಸುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಸಮುದ್ರದಿಂದ ಒಳಬರುವ ಹಡಗಿನ ಎಡಗಡೆಗೆ ಕೆಂಪು, ಬಲಗಡೆಗೆ ಹಸಿರು. ಅಷ್ಟಕ್ಕೇ ಬಿಡದೆ ಕೆಂಪಿನದಕ್ಕೆ ಡಬ್ಬಿಯ ಆಕಾರವನ್ನೂ ಹಸಿರಿನದಕ್ಕೆ ಶಂಕುವಿನ ಆಕಾರವನ್ನೂ ಗೊತ್ತುಮಾಡಿದ್ದಾರೆ. ಸಂಜೆಯ ಸೂರ್ಯನಿಗೆ ಎದುರಾಗಿ ನೋಡುವಾಗ ಎರಡೂ ಕಪ್ಪಾಗಿ ಕಂಡರೂ ಆಕಾರ ದಾರಿ ಹೇಳುತ್ತದೆ. ಹಾಗೆಯೇ ನಿಮ್ಮ ಪಾಳೆಯಗಳಿಗೂ ಬಣ್ಣದ ಜೊತೆ ಒಂದು ಸಣ್ಣ ಆಕಾರವ್ಯತ್ಯಾಸ ಕೊಡಿ. ನನ್ನಲ್ಲಿ ರಾಣಿಯ ಕಡೆಯ ಯೂನಿಟ್‌ಗಳ ಕಾಲಬುಡದಲ್ಲಿ ದುಂಡಗಿನ ಬಳೆ, ಎದುರಾಳಿಗಳ ಬುಡದಲ್ಲಿ ಚೌಕ ಇದೆ. ಜೀವದ ಪಟ್ಟಿಯನ್ನು ಹಸಿರಿನಿಂದ ಕೆಂಪಿಗೆ ತಿರುಗಿಸುವ ಅಭ್ಯಾಸವನ್ನೂ ಬಿಟ್ಟು, ಪಟ್ಟಿಯ ಉದ್ದದಿಂದಲೇ ಜೀವ ಎಷ್ಟಿದೆಯೆಂದು ತೋರಿಸುವುದು ಮೇಲು.

ಹಂತ 5: ಎಂಜಿನ್‌ನಲ್ಲಿ ಅಳವಡಿಸುವುದು

ಎರಡು ಪಾಳೆಯಕ್ಕೆ ಎರಡು ಸಲ ಚಿತ್ರ ಬರೆಯುವ ಅಗತ್ಯವಿಲ್ಲ. ಪಾಳೆಯದ ಬಣ್ಣ ಬರಬೇಕಾದ ಭಾಗವನ್ನು ಮೂಲ ಚಿತ್ರದಲ್ಲಿ ಬೂದುಬಣ್ಣದಲ್ಲಿಯೇ, ನೆರಳು ಬೆಳಕಿನ ಸಮೇತ ಬರೆಯಿರಿ. ಅದೇ ಅಳತೆಯ ಇನ್ನೊಂದು ಚಿತ್ರದಲ್ಲಿ ಆ ಭಾಗವನ್ನು ಬಿಳಿ, ಉಳಿದದ್ದನ್ನು ಕಪ್ಪು ಮಾಡಿ. ಇದು ಮಾಸ್ಕ್. ಗೇಮ್ ಕಟ್ಟುವ ಎಂಜಿನ್ ಗೋಡೋ, ಯೂನಿಟಿ ಯಾವುದೇ ಆಗಲಿ, ಶೇಡರ್‌ನಲ್ಲಿ, ಅಂದರೆ ಪ್ರತಿ ಪಿಕ್ಸೆಲ್‌ನ ಬಣ್ಣವನ್ನು ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಮಿನಲ್ಲಿ, ಮಾಸ್ಕ್ ಬಿಳಿಯಿರುವ ಕಡೆ ಮೂಲದ ಬೂದುಬಣ್ಣವನ್ನು ಪಾಳೆಯದ ಬಣ್ಣದಿಂದ ಗುಣಿಸಿ, ಕಪ್ಪಿರುವ ಕಡೆ ಮೂಲವನ್ನು ಹಾಗೆಯೇ ಬಿಡಿ. ಗುಣಿಸಿದಾಗ ಬಣ್ಣ ಕತ್ತಲಾಗುವುದರಿಂದ ಆ ಬೂದುಬಣ್ಣ ಬಹುಪಾಲು ಬಿಳಿಯ ಹತ್ತಿರವಿರಲಿ. ಪಿಕ್ಸೆಲ್ ಚಿತ್ರವಾದರೆ ಎರಡೂ ಚಿತ್ರಗಳಿಗೆ ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಬೆರೆಸದ ನಿಯರೆಸ್ಟ್ ಫಿಲ್ಟರ್ ಆರಿಸಿ, ಇಲ್ಲದಿದ್ದರೆ ಮಾಸ್ಕ್‌ನ ಅಂಚಿನಿಂದ ಬಣ್ಣ ಮುಖಕ್ಕೆ ಸೋರುತ್ತದೆ.

ಸಂಜೆ, ಮಳೆ, ಮಂಜು ತೋರಿಸಲು ಇಡೀ ದೃಶ್ಯದ ಮೇಲೆ ಛಾಯೆ ಹಾಕುವವರು ಒಂದು ಎಚ್ಚರಿಕೆ ವಹಿಸಬೇಕು. ನೀಲಿ ಛಾಯೆಯ ಇರುಳಿನಲ್ಲಿ ನನ್ನ ಹಳದಿ ಪಾಳೆಯ ಪಾಚಿ ಹಿಡಿದಂತಾಯಿತು. ಈಗ ಛಾಯೆಯು ನೆಲಕ್ಕೆ ಪೂರ್ತಿಯಾಗಿ, ಯೂನಿಟ್‌ಗಳಿಗೆ ಅರ್ಧದಷ್ಟು, ಪಾಳೆಯದ ಬಣ್ಣಕ್ಕೆ ಅತಿ ಕಡಿಮೆ ತಗಲುವಂತೆ ಬೇರೆ ಬೇರೆ ಲೇಯರ್ ಮಾಡಿದ್ದೇನೆ.

ಹಂತ 6: ಪರೀಕ್ಷೆ

ಗಿಂಪ್‌ನ ವ್ಯೂ ಮೆನುವಿನಲ್ಲಿರುವ ಡಿಸ್‌ಪ್ಲೇ ಫಿಲ್ಟರ್‌ಗಳಲ್ಲಿ ಬಣ್ಣಗುರುಡಿನ ಅನುಕರಣೆಯಿದೆ. ಆಂಡ್ರಾಯ್ಡ್ ಫೋನಿನ ಡೆವಲಪರ್ ಆಯ್ಕೆಗಳಲ್ಲಿ ಬಣ್ಣದ ಅನುಕರಣೆ ಎಂಬ ಸೌಲಭ್ಯ ಆನ್ ಮಾಡಿದರೆ ಓಡುತ್ತಿರುವ ಗೇಮ್‌ನ್ನೇ ಹಾಗೆ ನೋಡಬಹುದು, ಬಣ್ಣವೇ ಇಲ್ಲದ ಬೂದು ನೋಟವೂ ಅಲ್ಲಿಯೇ ಸಿಗುತ್ತದೆ. ಫೋನನ್ನು ಹೊರಗೂ ಒಯ್ಯಿರಿ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಮಧ್ಯಾಹ್ನದ ಬಿಸಿಲಿಗೆ ಪರದೆ ಹಿಡಿದು ಆಡಿದಾಗ ಎರಡು ಆಳುಗಳ ಗುರುತು ಹತ್ತಲಿಲ್ಲ, ಮನೆಯಲ್ಲಿ ಅವರಿಬ್ಬರ ಬಗ್ಗೆ ನನಗೆ ಸಂಶಯವೇ ಇರಲಿಲ್ಲ.

ಪರೀಕ್ಷೆಯ ಬೆಲೆ ನನಗೆ ತಿಳಿದದ್ದು ಮಾನ ಹೋದ ಮೇಲೆ. ಒಂದು ಕಾಲೇಜಿನ ಸಭಾಂಗಣದಲ್ಲಿ ಹಳೆಯ ಪ್ರೊಜೆಕ್ಟರಿನಲ್ಲಿ ಗೇಮ್ ತೋರಿಸಿದೆ. ಕಿಟಕಿಗಳಿಗೆ ಪರದೆಯಿರಲಿಲ್ಲ, ಗೋಡೆಯ ಮೇಲೆ ಎಲ್ಲವೂ ತೊಳೆದಂತೆ ಬಿಳಿಚಿ, ನಾನು "ಈಗ ವೈರಿಗಳು ಬರುತ್ತಾರೆ" ಎಂದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು "ಬಂದಾಯ್ತಾ ಸರ್?" ಎಂದು ಕೇಳಿದಳು.

ಪ್ರತಿ ಪರೀಕ್ಷೆಯಲ್ಲಿ ಯಾರು ಯಾವುದನ್ನು ಯಾವುದೆಂದು ತಪ್ಪು ತಿಳಿದರು ಎಂಬುದನ್ನು ಚೌಕಮನೆಗಳ ಹಾಳೆಯಲ್ಲಿ ಗುರುತು ಹಾಕಿ. ಸಾಲಿನಲ್ಲಿ ನಿಜವಾದ ಯೂನಿಟ್, ಕಂಬದಲ್ಲಿ ಅವರು ಹೇಳಿದ ಯೂನಿಟ್. ಎಂಟು ಹತ್ತು ಜನರಾದ ಮೇಲೆ ಗುರುತುಗಳು ಒಂದೆರಡು ಮನೆಗಳಲ್ಲಿ ಗುಂಪುಗೂಡುತ್ತವೆ, ತಿದ್ದಬೇಕಾದ ಜೋಡಿ ಅದೇ. ನನ್ನ ಹಾಳೆಯಲ್ಲಿ ಗುರಾಣಿಯಾಳು ಮತ್ತು ಹೊರೆಯಾಳಿನ ಮನೆ ತುಂಬಿತ್ತು, ಏಕೆಂದರೆ ಮೇಲಿನಿಂದ ನೋಡಿದಾಗ ದುಂಡು ಗುರಾಣಿಯೂ ದುಂಡು ಚೀಲವೂ ಒಂದೇ. ಚೀಲವನ್ನು ಚೌಕ ಮಾಡಿ, ಎರಡು ಮೂಲೆಗಳನ್ನು ಕಿವಿಯಂತೆ ಎಳೆದಾಗ ಆ ಮನೆ ಖಾಲಿಯಾಯಿತು.

ಮುಂದೆ ಹೊಸ ಯೂನಿಟ್ ಸೇರಿಸುವಾಗಲೆಲ್ಲ ಅದರ ಕಪ್ಪು ಆಕಾರವನ್ನು ಮೊದಲು ಆ ಹಳೆಯ ಹಾಳೆಯ ಮೇಲೆ ಅಂಟಿಸಿ ನೋಡಿ. ಹೋಲಿಕೆ ಕಂಡರೆ ಹೊಸದನ್ನೇ ತಿದ್ದಿ, ಆಟಗಾರರ ಕಣ್ಣಿಗೆ ಹಳೆಯವು ಆಗಲೇ ರೂಢಿಯಾಗಿರುತ್ತವೆ. ಪಾಳೆಯದ ಬಣ್ಣವನ್ನು ಆಟಗಾರರೇ ಬದಲಿಸಿಕೊಳ್ಳುವ ಆಯ್ಕೆಯನ್ನೂ ಇಡಿ, ಮಾಸ್ಕ್ ಇರುವುದರಿಂದ ಅದು ಒಂದು ಸಂಜೆಯ ಕೆಲಸ. ಅಕ್ಕನ ಮಗ ಆರಿಸಿಕೊಂಡದ್ದು ಕೆನ್ನೇರಳೆ. ಚಿರೆಕಲ್ಲಿನ ಹಳೆಯ ಕೆಂಪಿನ ಮೇಲೆ ಅದರ ಅನುಪಾತ 1.8 ಮಾತ್ರ ಬಂದಿದ್ದರಿಂದ ಅವನ ಸೈನ್ಯಕ್ಕಾಗಿ ಎಲ್ಲ ಯೂನಿಟ್‌ಗಳ ಸುತ್ತಲೂ ಒಂದು ಪಿಕ್ಸೆಲ್‌ನ ಕಪ್ಪು ಅಂಚುಗೆರೆ ಎಳೆದಿದ್ದೇನೆ, ಬುಡದ ಬಳೆಯನ್ನು ಮಾತ್ರ ಬಿಳಿಯಾಗಿಯೇ ಬಿಟ್ಟಿದ್ದೇನೆ.